ಮೇಲಿನಿಂದ ಮಾತ್ರ

ಯಮಾತೊಕೊರಿಯಾಮಾದ ನಮ್ಮ ಓಣಿಯಲ್ಲಿ
ಹೊನ್ನಮೀನನ್ನು ಮೇಲಿನಿಂದಷ್ಟೇ ನೋಡುತ್ತಾರೆ.
ನೀಲಿ ತೊಟ್ಟಿ, ಮೊಣಕಾಲಿಗೂ ಬಾರದ ನೀರು,
ಬಗ್ಗಿ ನಿಂತ ಒಬ್ಬ ಮನುಷ್ಯ.
ಗಾಜಿನಲ್ಲಿಟ್ಟು ಪಕ್ಕದಿಂದ ನೋಡುವುದು
ಮಕ್ಕಳಾಟ ಎನ್ನುತ್ತಿದ್ದರು ನನ್ನ ಗುರು ಇನಗಾಕಿ.

ಮೂವತ್ತೊಂದು ವರ್ಷ ನಾನೂ ಬಗ್ಗಿದೆ,
ಸ್ಪರ್ಧೆಗಳಲ್ಲಿ ಅಂಕ ಹಾಕಿದೆ.
ರಂಚುವಿಗೆ ಬೆನ್ನು ಬಾಚಣಿಗೆಯಂತೆ ಬಾಗಿರಬೇಕು,
ಬಾಲದ ಬುಡ ದಪ್ಪಗಿರಬೇಕು,
ನೆತ್ತಿಯ ಮೇಲೆ ಗಂಟು ಗಂಟಾಗಿ ಮಾಂಸ ಉಬ್ಬಿರಬೇಕು
ಕಳಿತ ಹಿಪ್ಪುನೇರಳೆಯ ಹಾಗೆ.
ಬಹುಮಾನ ಆ ಉಬ್ಬಿಗೇ.
ಅದು ಉಬ್ಬಲೆಂದೇ ನಸುಕಿನಲ್ಲೆದ್ದು
ಕೆಂಪು ಹುಳ ತೊಳೆದು ತಿನ್ನಿಸಿದ್ದೇವೆ.

ಆರಿಸುವುದು ನನ್ನ ಕೆಲಸ.
ಮೂರು ಸಾವಿರ ಮರಿ, ಬಿಳಿ ಬೋಗುಣಿ, ಒಂದು ಚಮಚ.
ನೂರು ಉಳಿದರೆ ಒಳ್ಳೆಯ ವರ್ಷ.
ಮಿಕ್ಕವು ಎಲ್ಲಿಗೆ ಎಂದು ಕೇಳಬೇಡಿ,
ಕಾಲುವೆಯ ಕೊಕ್ಕರೆಗಳಿಗೆ ಗೊತ್ತು.
ಹೆಸರಿಡುವುದಿಲ್ಲ ನಾವು.
ಹೆಸರಿಟ್ಟರೆ ಚಮಚ ಭಾರವಾಗುತ್ತದೆ.

ಮೂರನೇ ತೊಟ್ಟಿಯದಕ್ಕೆ ಒಂದು ಮಗ್ಗುಲ ಬಾಲ ಮಡಚಿತ್ತು.
ಅದನ್ನು ಎತ್ತಿದ ಗಳಿಗೆಗೇ ಫೋನು ಬಡಿದುಕೊಂಡಿತು,
ನೀರಿನ ಬಿಲ್ಲಿನ ಬಗ್ಗೆ ಏನೋ.
ಮಾತು ಮುಗಿಸಿ ಬರುವಷ್ಟರಲ್ಲಿ
ಅದು ಉಳಿಯುವವುಗಳ ನಡುವೆ ಸೇರಿಕೊಂಡಿತ್ತು.
ಹನ್ನೊಂದು ವರ್ಷವಾಯಿತು.

ಹೋದ ವಸಂತದಲ್ಲಿ ಎಡಕ್ಕೆ ವಾಲತೊಡಗಿತು.
ಮೇಲಿನಿಂದ ಏನೂ ಕಾಣಲಿಲ್ಲ. ನೀರು ಬದಲಿಸಿದೆ, ಉಪ್ಪು ಹಾಕಿದೆ.
ಕೊನೆಗೆ ಬೊಗಸೆಯಲ್ಲಿ ಎತ್ತಿದಾಗ
ಬೆರಳಿಗೆ ಸಿಕ್ಕಿತು, ಹೊಟ್ಟೆಯಡಿ,
ನೆನೆಸಿದ ಸೋಯಾ ಕಾಳಿನಷ್ಟು.
ಸತ್ತವರಿಗೆ ದೀಪ ಹಚ್ಚುವ ಹೊತ್ತಿಗೆ
ಅದು ಚೆಸ್ಟ್‌ನಟ್ ಕಾಯಿಯಾಗಿತ್ತು.

ಹತಾಕೆದಾ ಬೆಕ್ಕುಗಳ ಡಾಕ್ಟರು, ಎಳೆಯ ಹುಡುಗ.
ಲವಂಗದೆಣ್ಣೆಯ ನೀರಿನಲ್ಲಿ ಅದನ್ನು ಮಲಗಿಸಿದ.
ಕೋಣೆಯೆಲ್ಲ ಹಲ್ಲುನೋವಿನ ವಾಸನೆ.
ಕೊಬ್ಬಿರಬಹುದು, ಮೂತ್ರಪಿಂಡವಿರಬಹುದು,
ಇಡದೆ ಉಳಿದ ಮೊಟ್ಟೆಗಳಿರಬಹುದು,
ಏನೂ ಹೇಳಲಾಗದು ಎಂದ.
ಒಂದು ಚೂರು ಕತ್ತರಿಸಿ ಕಳಿಸಿದರೆ
ಮೂರು ವಾರದಲ್ಲಿ ಹೆಸರು ಬರುತ್ತದಂತೆ.
ಆಮೇಲೆ ಒದ್ದೆ ಬಟ್ಟೆ ಸರಿಸಿ,
ನೆತ್ತಿಯ ಹಿಪ್ಪುನೇರಳೆಯನ್ನು ಮುಟ್ಟಿ,
ದನಿ ತಗ್ಗಿಸಿ ಕೇಳಿದ:
‘ಇದು ಯಾವಾಗಿನಿಂದ ಇದೆ, ಅಮ್ಮ?’

ನಕ್ಕುಬಿಟ್ಟೆ. ಕಣ್ಣಲ್ಲಿ ನೀರು ಬರುವಷ್ಟು.
ನೂರು ವರ್ಷದಿಂದ, ಇನ್ನೂರು ವರ್ಷದಿಂದ,
ನಾವೇ ಬೆಳೆಸಿದ್ದು ಡಾಕ್ಟರೇ, ಇದು ಚೆಂದ ಎಂದೆ.
ಅವನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು.
ನನ್ನ ನಗುವೂ ಎಲ್ಲೋ ನಡುವೆ ನಿಂತಿತು,
ಮತ್ತೆ ಶುರುವಾಗಲಿಲ್ಲ.

ಕತ್ತರಿಸುವುದು ಬೇಡ ಎಂದೆ.
ಬರುವಾಗ ದಾರಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಕೊಂಡೆ.

ಈಗ ಅಡುಗೆಮನೆಯಲ್ಲಿ, ಅನ್ನದ ಕುಕ್ಕರಿನ ಪಕ್ಕ,
ಅದನ್ನು ಪಕ್ಕದಿಂದ ನೋಡುತ್ತೇನೆ.
ಬಾಯಿ ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ.
ಕಣ್ಣಿನ ಸುತ್ತ ಬೆಳ್ಳಿ ಉಂಗುರ.
ಗಂಟಿನ ಮೇಲೊಂದು ಕೆಂಪು ನರ,
ಭೂಪಟದಲ್ಲಿ ನದಿ ಬರೆದ ಹಾಗೆ.
ಅದು ವಾಲಿದಷ್ಟೇ ನನ್ನ ಕತ್ತೂ ವಾಲುತ್ತದೆ.
ಕಾಳು ಹಾಕಿದರೆ ಒಂದು ಸುತ್ತು ತಪ್ಪಿ,
ಇನ್ನೊಂದು ಸುತ್ತಿಗೆ ಹಿಡಿಯುತ್ತದೆ.
ಆ ಗಂಟು ಯಾರನ್ನೂ ಕೇಳದೆ
ತನ್ನಷ್ಟಕ್ಕೆ ಆರಿಸಿಕೊಂಡು ಬೆಳೆಯುತ್ತಿದೆ.

ನಿನ್ನೆ ಹೊಸ ಮರಿಗಳ ಮುಂದೆ ಕೂತೆ.
ಬಿಳಿ ಬೋಗುಣಿ, ಬೆಳಗಿನ ಬೆಳಕು.
ಒಂದಕ್ಕೆ ಬಾಲ ಕೊಂಚ ಮಡಚಿತ್ತು.
ಚಮಚದಲ್ಲಿ ಅದು, ಸಾಸಿವೆಯಷ್ಟು ಕಣ್ಣು.
ಫೋನಿನ ಕಡೆ ತಿರುಗಿ ನೋಡಿದೆ.
ಟೀ ಆರುವಷ್ಟು ಹೊತ್ತು
ಕೈ ಹಾಗೇ ಹಿಡಿದು ಕಾದೆ.